ಲಸಿಕೆ ಬ್ಯಾಡ ಅಂದ ಡಾಕ್ಟ್ರು

ಡಾಕ್ಟ್ರು ತೀರಿಕೊಂಡ ಮಾರನೆಯ ದಿನ ನನ್ನ ಮೆಡಿಕಲ್ ಶಾಪಿಗೆ ಬಂದವರೊಬ್ಬರು ಪಕ್ಕದ ಮುಚ್ಚಿದ ಶಟರಿಗೆ ಹಾಕಿದ್ದ ಹೂವಿನ ಹಾರ ನೋಡಿ, "ಯಾರ್ರಿ ಹೋಗಿದ್ದು?" ಎಂದು ಕೇಳಿದರು. ಹೇಳಿದೆ. ಅವರು ಒಂದಷ್ಟು ಹೊತ್ತು ನೆನಪು ಮಾಡಿಕೊಂಡು, "ಓ, ದಡಾರದ ಲಸಿಕೆ ಬ್ಯಾಡ ಅಂದಿದ್ರಲ್ಲ, ಆ ಡಾಕ್ಟ್ರೇನ್ರಿ?" ಎಂದರು.

ಮಾತ್ರೆಯ ಪಟ್ಟಿ ಕತ್ತರಿಸುತ್ತಿದ್ದವಳು ಕತ್ತರಿ ಹಿಡಿದುಕೊಂಡು ಹಾಗೇ ನಿಂತೆ. ಹೌದು ಎನ್ನುವ ಹಾಗೂ ಇರಲಿಲ್ಲ, ಇಲ್ಲ ಎನ್ನುವ ಹಾಗೂ ಇರಲಿಲ್ಲ. ಯಾವುದನ್ನು ಹೇಳಿದರೂ ಅದರ ಹಿಂದೆ ದೊಡ್ಡದೊಂದು ಕತೆ ಹೇಳಬೇಕಾಗುತ್ತಿತ್ತು. ಅವರಿಗೆ ಬಸ್ಸಿನ ಹೊತ್ತಾಗಿತ್ತು. ಮಾತ್ರೆ ತೆಗೆದುಕೊಂಡು ಹೊರಟುಹೋದರು. ಅವರಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಡಾಕ್ಟ್ರ ಹೆಸರು ಬರೆಯುವುದಿಲ್ಲ. ಚನ್ನಗಿರಿಯ ನಮ್ಮ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರೂ ಯಾರೂ ಇರಲಿಲ್ಲ. ಎಲ್ಲರಿಗೂ ಅವರು ಬರೀ ಡಾಕ್ಟ್ರು. ಅವರ ಕ್ಲಿನಿಕ್ಕಿಗೂ ನಮ್ಮ ಅಂಗಡಿಗೂ ನಡುವೆ ಒಂದೇ ಗೋಡೆ. ಅಪ್ಪ ಅಂಗಡಿ ಇಟ್ಟ ಕಾಲದಿಂದಲೂ ಅವರು ಅಲ್ಲೇ ಇದ್ದರು. ಅಪ್ಪ ಹೋದ ಮೇಲೆ ಅಂಗಡಿ ನನಗೆ ಬಂತು, ಅದರ ಜೊತೆಗೆ ಪಕ್ಕದ ಡಾಕ್ಟ್ರೂ ನನ್ನ ಪಾಲಿಗೆ ಬಂದರು ಅನ್ನಬೇಕು.

ಅವರಿಂದ ನಮ್ಮ ಅಂಗಡಿಗೆ ಹೇಳಿಕೊಳ್ಳುವಂಥ ವ್ಯಾಪಾರವೇನೂ ಆಗುತ್ತಿರಲಿಲ್ಲ. ಶೀತ ಅಂತ ಬಂದವರನ್ನು ಬಿಸಿನೀರು ಕುಡಿಸ್ರಿ ಅಂತ ಹೇಳಿ ಕಳಿಸುತ್ತಿದ್ದರು. "ಒಂದು ಟಾನಿಕ್ಕಾದ್ರೂ ಬರೀರಿ ಡಾಕ್ಟ್ರೇ" ಅಂತ ತಾಯಂದಿರು ಒತ್ತಾಯ ಮಾಡಿದರೆ, "ಬರೀತೀನಿ, ಆದ್ರೆ ಅದ್ರಿಂದ ಏನೂ ಆಗಲ್ಲಮ್ಮ" ಅನ್ನುತ್ತಿದ್ದರು. ಬರೆದುಕೊಟ್ಟು ಸುಮ್ಮನಿರಲು ಅವರಿಗೆ ಆಗುತ್ತಲೇ ಇರಲಿಲ್ಲ. "ಈ ಮನುಷ್ಯನ ಪಕ್ಕ ಕೂತು ನಾನು ಔಷಧಿ ಮಾರ್ತೀನಲ್ಲ, ನಂದೇ ತಪ್ಪು" ಎಂದು ಅಪ್ಪ ನಗುತ್ತಿದ್ದರು.

ಮಕ್ಕಳನ್ನು ನೋಡುವಾಗ ಸ್ಟೆತಸ್ಕೋಪಿನ ತಣ್ಣನೆಯ ಬಿಲ್ಲೆಯನ್ನು ಮೊದಲು ತಮ್ಮ ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದರು. ಇಂಜೆಕ್ಷನ್ ಕೊಡಬೇಕಾಗಿ ಬಂದಾಗ ನೋಯಲ್ಲ ಅಂತ ಒಂದು ಮಗುವಿಗೂ ಹೇಳಿದ್ದನ್ನು ನಾನು ಕೇಳಿಲ್ಲ. "ನೋಯ್ತೈತೆ. ಕೆಂಜಿರುವೆ ಕಡಿದಂಗೆ ಆಗ್ತೈತೆ. ಅಳು ಬಂದ್ರೆ ಅತ್ತುಬಿಡು, ನಾನೇನೂ ಬೈಯಲ್ಲ" ಅನ್ನುತ್ತಿದ್ದರು. ಮಕ್ಕಳು ಅವರ ಮುಖವನ್ನೇ ನೋಡುತ್ತಾ ತೋಳು ಕೊಡುತ್ತಿದ್ದವು. ಬೇರೆ ಕಡೆ ಚೀರಾಡುತ್ತಿದ್ದ ಮಕ್ಕಳೂ ಇಲ್ಲಿ ಒಂದು ಸಲ ಬಿಕ್ಕಿ ಸುಮ್ಮನಾಗುತ್ತಿದ್ದವು.

ಹೆಂಡತಿ ಮದುವೆಯಾದ ಕೆಲವೇ ವರ್ಷಕ್ಕೆ ತೀರಿಕೊಂಡಿದ್ದರಂತೆ. ಮಕ್ಕಳಿರಲಿಲ್ಲ. ಕ್ಲಿನಿಕ್ಕಿನ ಹಿಂದೆಯೇ ಒಂದು ಕೋಣೆ, ಒಂದು ಮಂಚ. ಮಧ್ಯಾಹ್ನ ಮೆಸ್ಸಿನಿಂದ ಕ್ಯಾರಿಯರ್ ಬರುತ್ತಿತ್ತು. ರೋಗಿಗಳು ಕೂರುವ ಬೆಂಚಿನ ಮೇಲೆ ಕ್ಯಾರಿಯರ್ ಬಿಚ್ಚಿಟ್ಟುಕೊಂಡು ಬೀದಿ ನೋಡುತ್ತಾ ಉಣ್ಣುತ್ತಿದ್ದರು. ಸಂಜೆ ಕೋಟೆ ಗುಡ್ಡದ ಕಡೆ ಒಬ್ಬರೇ ಒಂದು ಸುತ್ತು ಹೋಗಿ ಬರುತ್ತಿದ್ದರು. ಅದು ಒಂಟಿ ಜೀವನ ಅಂತ ಆಗ ನನಗೆ ಅನಿಸಿರಲಿಲ್ಲ. ದಿನವಿಡೀ ಅವರ ಸುತ್ತ ಅಳುವ ಮಕ್ಕಳು, ಬೈಯುವ ತಾಯಂದಿರು ಇರುತ್ತಿದ್ದರು. ಅವರು ನಿಜವಾಗಿ ಒಂಟಿಯಾದದ್ದು ಆಮೇಲೆ.

ದಡಾರದ ಬಗ್ಗೆ ಅವರು ಆಗಾಗ ಮಾತಾಡುತ್ತಿದ್ದರು. ಓದುವ ಕಾಲದಲ್ಲಿ ಆಸ್ಪತ್ರೆಯ ವಾರ್ಡಿನಲ್ಲಿ ನೋಡಿದ ಮಕ್ಕಳನ್ನು ಅವರು ಮರೆತಿರಲಿಲ್ಲ. ಮೈತುಂಬ ಕೆಂಪು ಗುಳ್ಳೆ, ಕೀವು ತುಂಬಿದ ಕಣ್ಣು, ಪಕ್ಕೆ ಒಳಕ್ಕೆ ಎಳೆದುಕೊಂಡು ಉಸಿರಾಡುವ ಮಕ್ಕಳು. "ಈಗಿನ ತಾಯಂದಿರು ಅದನ್ನ ನೋಡೇ ಇಲ್ಲ ತಾಯಿ. ಲಸಿಕೆ ಎಷ್ಟು ಕೆಲಸ ಮಾಡೈತೆ ಅಂದ್ರೆ, ಯಾಕೆ ಹಾಕ್ಸ್ಕೊಂತೀವಿ ಅನ್ನೋದೇ ಜನಕ್ಕೆ ಮರ್ತುಹೋಗೈತೆ" ಅನ್ನುತ್ತಿದ್ದರು. ಒಂಬತ್ತು ತಿಂಗಳು ತುಂಬಿದ ಕೂಸು ಕ್ಲಿನಿಕ್ಕಿಗೆ ಬಂದರೆ ಸಾಕು, ಜ್ವರ ನೋಡುವ ಮೊದಲೇ ದಡಾರದ್ದು ಆತಾ ಅಂತ ಕೇಳುತ್ತಿದ್ದರು. ಇಂಥವರಿಗೇ ಆ ಹೆಸರು ಬಂತು.

ಅದು ಆದದ್ದು ಹೀಗೆ.

ಹತ್ತಿರದ ಒಂದು ಹಳ್ಳಿಯಲ್ಲಿ, ಊರು ಯಾವುದು ಅನ್ನುವುದು ಬೇಡ, ಲಸಿಕೆ ಹಾಕಿಸಿಕೊಂಡ ಒಂದು ಗಂಡು ಕೂಸು ಮಾರನೆಯ ಬೆಳಿಗ್ಗೆ ತೀರಿಕೊಂಡಿತು. ತಂದೆ ತಾಯಿ ಕೂಸನ್ನು ಎತ್ತಿಕೊಂಡು ಡಾಕ್ಟ್ರ ಹತ್ತಿರವೇ ಓಡಿ ಬಂದಿದ್ದರು. ವಾಂತಿ, ಭೇದಿ, ಸುಡುವ ಜ್ವರ. ಡಾಕ್ಟ್ರು ಅದನ್ನು ನೋಡುತ್ತಿರುವಾಗಲೇ ಜೀವ ಹೋಯಿತು. ಅವರು ಹೊರಗೆ ಬಂದು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತರು. ಆಮೇಲೆ ಎದ್ದು ಒಳಗೆ ಹೋಗಿ ಆ ತಂದೆಯನ್ನು ಒಂದೊಂದಾಗಿ ಕೇಳಿದರು. ಎಷ್ಟು ಹೊತ್ತಿಗೆ ಹಾಕಿದರು, ಬಾಟಲಿ ಆಗ ಒಡೆದರೋ ಮೊದಲೇ ಒಡೆದಿತ್ತೋ, ಎಲ್ಲಿ ಇಟ್ಟಿದ್ದರು.

ದಡಾರದ ಲಸಿಕೆ ಪುಡಿಯಾಗಿ ಬರುತ್ತದೆ. ಜೊತೆಗೆ ಬಂದ ನೀರನ್ನು ಅದಕ್ಕೆ ಬೆರೆಸಿ, ತಣ್ಣಗೆ ಇಟ್ಟು, ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಉಳಿದದ್ದನ್ನು ಚೆಲ್ಲಬೇಕು. ಇಟ್ಟರೆ ಅದರೊಳಗೆ ರೋಗಾಣು ಬೆಳೆದು ವಿಷವಾಗುತ್ತದೆ. ಆ ದಿನ ಹಾಗೇ ಆಗಿತ್ತು. ಬೆಳಿಗ್ಗೆ ಕಲಸಿದ್ದರಲ್ಲಿ ಉಳಿದದ್ದನ್ನು ಸಂಜೆ ತಡವಾಗಿ ಬಂದ ಈ ಕೂಸಿಗೆ ಹಾಕಿದ್ದರು. ಹಾಕಿದ ಸಿಸ್ಟರ್ ಹೊಸಬರು, ಸುತ್ತಲಿನ ಊರುಗಳನ್ನೆಲ್ಲ ಒಬ್ಬರೇ ನೋಡಬೇಕಿತ್ತು. ಬರಿಗೈಲಿ ವಾಪಸ್ ಕಳಿಸಬಾರದು ಅಂತ ಹಾಕಿದ್ದರಂತೆ. ಆಮೇಲೆ ತಪಾಸಣೆಗೆ ಬಂದವರೂ ಇದನ್ನೇ ಕಂಡುಕೊಂಡರು.

ಊರವರು ಪಂಚಾಯ್ತಿ ಕಟ್ಟೆಯ ಮುಂದೆ ಸೇರಿದರು. ಆ ತಂದೆ ಡಾಕ್ಟ್ರನ್ನು ಕರೆದ. ಡಾಕ್ಟ್ರು ಹೋದರು, ನಿಂತು ಮಾತಾಡಿದರು.

"ಈ ಕೂಸು ಸತ್ತಿದ್ದು ಆ ಲಸಿಕೆಯಿಂದಲೇ. ನನಗೆ ಅದರಲ್ಲಿ ಸಂಶಯ ಇಲ್ಲ. ನನ್ನ ಮನೆ ಮಗುವಾಗಿದ್ರೆ ಆ ಲಸಿಕೆ ನಾನು ಹಾಕ್ಸ್ತಿರಲಿಲ್ಲ."

ಇಷ್ಟು ಹೇಳಿ ಅವರು ನೀರು ಕುಡಿದರಂತೆ. ಆಮೇಲೆ ಮುಂದುವರಿಸಿ ನಾಲ್ಕು ಗಂಟೆಯ ವಿಷಯ ಹೇಳಿದರು. ತಪ್ಪು ಲಸಿಕೆಯದಲ್ಲ, ಇಟ್ಟ ರೀತಿಯದು ಅಂದರು. ನಿಮ್ಮ ಮಕ್ಕಳಿಗೆ ದಡಾರದ ಲಸಿಕೆ ಬಿಡಬೇಡಿ, ಮುಂದೆ ನಿಂತು ಕೇಳಿ, ಕಣ್ಣೆದುರಿಗೆ ಬಾಟಲಿ ಒಡೆಸಿ ಹಾಕಿಸಿ ಅಂದರು. ಆದರೆ ಯಾರೋ ಫೋನಿನಲ್ಲಿ ಹಿಡಿದುಕೊಂಡದ್ದು ನೀರು ಕುಡಿಯುವ ಮೊದಲಿನ ಮಾತುಗಳನ್ನು ಮಾತ್ರ. ಅದರಲ್ಲಿ ಅವರ ಮುಖವೂ ಇರಲಿಲ್ಲ. ಕ್ಯಾಮೆರಾ ಅಳುತ್ತಿದ್ದ ತಾಯಿಯ ಕಡೆ ತಿರುಗಿತ್ತು, ಹಿಂದಿನಿಂದ ಡಾಕ್ಟ್ರ ಗಟ್ಟಿ ಧ್ವನಿ.

ವಾರ ಕಳೆಯುವುದರೊಳಗೆ ಅದು ನನ್ನ ಫೋನಿಗೂ ಬಂತು. ಹೊನ್ನಾಳಿಯಲ್ಲಿರುವ ನನ್ನ ಚಿಕ್ಕಮ್ಮ ಕಳಿಸಿದ್ದರು. ಡಾಕ್ಟ್ರಿಗೆ ತೋರಿಸಿದೆ. ಅವರು ಎರಡು ಸಲ ನೋಡಿ, "ಮುಂದಿಂದು ಎಲ್ಲಿ?" ಎಂದರು.

"ಇಷ್ಟೇ ಬಂದಿದ್ದು ಡಾಕ್ಟ್ರೇ."

"ಇದನ್ನ ಎಲ್ಲಾರ ಫೋನಿಂದ ತೆಗೆಸಾಕೆ ಬರಲ್ವಾ ತಾಯಿ?"

"ಇಲ್ಲ."

"ಯಾರಿಗಾದ್ರೂ ಅರ್ಜಿ ಕೊಟ್ರೆ?"

"ಕೊಟ್ರೂ ಆಗಲ್ಲ ಡಾಕ್ಟ್ರೇ. ಎಲ್ಲೆಲ್ಲಿ ಹೋಗೈತೋ ಯಾರಿಗೂ ಗೊತ್ತಿರಲ್ಲ."

ಅವರು ತಲೆ ಆಡಿಸಿದರು. ಇನ್ನು ವಾಸಿಯಾಗಲ್ಲ ಅಂತ ಅವರು ಹೇಳಿದಾಗ ರೋಗಿಗಳ ಕಡೆಯವರು ತಲೆ ಆಡಿಸುತ್ತಿದ್ದರಲ್ಲ, ಅದೇ ರೀತಿ.

ಪೂರ್ತಿ ಮಾತನ್ನು ನನ್ನ ಫೋನಿನಲ್ಲಿ ಹಿಡಿದು ನಾವೂ ಕಳಿಸಿದೆವು. ಅದು ಉದ್ದವಾಯಿತು. ಅದರಲ್ಲಿ ಅವರು ಜ್ವರ ಬರಬಹುದು ಅಂದರು, ಜ್ವರಕ್ಕೆ ಅಪರೂಪಕ್ಕೆ ಕೆಲವು ಮಕ್ಕಳಿಗೆ ಫಿಟ್ಸೂ ಬರಬಹುದು ಅಂದರು, ತೀರಾ ಅಪರೂಪಕ್ಕೆ ಅದಕ್ಕಿಂತ ದೊಡ್ಡದೂ ಆಗಬಹುದು ಅಂದರು, ಆದರೆ ದಡಾರ ಬಂದರೆ ಆಗುವುದರ ಮುಂದೆ ಅದು ಏನೂ ಅಲ್ಲ ಅಂದರು. ಸ್ವಲ್ಪ ಕಡಿಮೆ ಹೇಳಿ ಅಂತ ನಾನೇ ಕೇಳಿಕೊಂಡೆ. "ಯಾವುದನ್ನ ಬಿಡ್ಲಿ ಹೇಳು" ಎಂದರು. ಚಿಕ್ಕಮ್ಮನಿಗೆ ಕಳಿಸಿದರೆ ಅವರು ಅದನ್ನು ತೆರೆದೂ ನೋಡಿರಲಿಲ್ಲ.

ಆರೋಗ್ಯ ಇಲಾಖೆಯವರು ಕ್ಯಾಮೆರಾ ತೆಗೆದುಕೊಂಡು ಒಂದು ದಿನ ಕ್ಲಿನಿಕ್ಕಿಗೆ ಬಂದರು. ಬಂದ ಅಧಿಕಾರಿ ಇನ್ನೂ ಚಿಕ್ಕ ವಯಸ್ಸಿನವರು, ತುಂಬಾ ಮರ್ಯಾದಸ್ಥರು. "ಸರ್, ಎರಡೇ ಮಾತು ಹೇಳಿ. ದಡಾರ ಲಸಿಕೆ ಪೂರ್ತಿ ಸುರಕ್ಷಿತ, ಯಾರೂ ಹೆದರಬೇಡಿ ಅಂತ. ನಿಮ್ಮ ಬಾಯಿಂದ ಬಂದ್ರೆ ಜನ ನಂಬ್ತಾರೆ."

"ಹೇಳ್ತೀನಿ. ಆ ಕೂಸಿಗೆ ಏನಾತು ಅನ್ನೋದನ್ನೂ ಹೇಳ್ತೀನಿ."

"ಅದು ಬೇಡ ಸರ್. ಆ ಮಾತು ಎತ್ತಿದ್ರೆ ಜನ ಮತ್ತೆ ಹೆದರ್ತಾರೆ. ಸರಳವಾಗಿ ಹೇಳದಿದ್ರೆ ತಲುಪೋದಿಲ್ಲ."

"ಅದನ್ನ ಬಿಟ್ಟು ಹೇಳಿದ್ರೆ ಆ ಕೂಸಿನ ತಂದೆ ನೋಡ್ತಾನೆ. ಅವನಿಗೆ ಏನಂತ ಉತ್ತರ ಕೊಡ್ಲಿ?"

ಅಧಿಕಾರಿ ತುಂಬಾ ಹೊತ್ತು ಕೂತು ಒಪ್ಪಿಸಲು ನೋಡಿದರು. ಈಗ ಯೋಚಿಸಿದರೆ ಅವರ ಮಾತಿನಲ್ಲೂ ಸುಳ್ಳಿರಲಿಲ್ಲ. ಉದ್ದದ ಮಾತು ಯಾರಿಗೂ ತಲುಪುವುದಿಲ್ಲ ಅನ್ನುವುದನ್ನು ನಾನೇ ನೋಡಿದ್ದೆ. ಡಾಕ್ಟ್ರು ಒಪ್ಪಲಿಲ್ಲ. ಬಂದವರು ಕ್ಯಾಮೆರಾ ಮಡಚಿಕೊಂಡು ಹೋದರು. ಮುಂದೆ ತಾಲ್ಲೂಕಿನ ಯಾವ ಸಭೆಗೂ ಡಾಕ್ಟ್ರನ್ನು ಕರೆಯಲಿಲ್ಲ. ಜೊತೆಯ ಡಾಕ್ಟರುಗಳು ದಾರಿಯಲ್ಲಿ ಸಿಕ್ಕರೆ ಆರೋಗ್ಯ ಹೇಗಿದೆ ಅಂತ ಕೇಳಿ ಮುಂದೆ ಹೋಗುತ್ತಿದ್ದರು.

ಕ್ಲಿನಿಕ್ಕಿನ ಬೆಂಚು ನಿಧಾನವಾಗಿ ಖಾಲಿಯಾಯಿತು. ಲಸಿಕೆ ನಂಬುವವರು, ಡಾಕ್ಟ್ರಿಗೆ ವಯಸ್ಸಾಯಿತು, ಏನೇನೋ ಮಾತಾಡುತ್ತಾರೆ ಅಂತ ಬೇರೆ ಕಡೆ ಹೋದರು. ನಂಬದವರು ಬಂದು ಕೈ ಮುಗಿದು ಹೊಗಳುತ್ತಿದ್ದರು. "ನೀವೊಬ್ರೇ ನೋಡ್ರಿ ಧೈರ್ಯವಾಗಿ ಹೇಳಿದ್ದು" ಅನ್ನುತ್ತಿದ್ದರು. ಅವರಿಗೆ ಡಾಕ್ಟ್ರು ಕೂತು ಎಲ್ಲವನ್ನೂ ಮೊದಲಿಂದ ಹೇಳುತ್ತಿದ್ದರು. ಕೇಳಿಸಿಕೊಂಡು ಹೊರಗೆ ಬಂದು ನನ್ನ ಮುಂದೆ, "ಪಾಪ, ಮ್ಯಾಲಿನೋರು ಹೆದರಿಸ್ಯಾರೆ ಅನ್ಸುತ್ತೆ" ಎಂದು ಪಿಸುಗುಟ್ಟಿ ಹೋಗುತ್ತಿದ್ದರು.

ಆಗ ಅವರು ಊರೂರಿಗೆ ಹೋಗಲು ಶುರು ಮಾಡಿದರು. ಭಾನುವಾರ ಅಂಗಡಿಯಲ್ಲಿ ತಮ್ಮನನ್ನು ಕೂರಿಸಿ ನಾನೂ ಹೋಗುತ್ತಿದ್ದೆ. ಅವರಿಗೆ ಮೊಣಕಾಲು ನೋವು, ಹತ್ತಿರದ ಊರಾದರೆ ನನ್ನ ಸ್ಕೂಟಿಯ ಹಿಂದೆ ಒಂದು ಕಡೆ ಕಾಲು ಹಾಕಿ ಕೂರುತ್ತಿದ್ದರು. ಅದನ್ನು ನೋಡಿ ನಗುವವರು ನಗುತ್ತಿದ್ದರು. ದೂರವಾದರೆ ಬಸ್ಸು.

ನಲ್ಲೂರಿನಲ್ಲಿ ಒಂದು ಅಂಗಡಿಯ ಮುಂದೆ ಕೂತಿದ್ದವರೊಬ್ಬರು ಕೇಳಿದರು. "ನಮ್ಮಣ್ಣನ ಹುಡುಗಂಗೆ ಹಾಕ್ಸಿದ್ವಿ ಡಾಕ್ಟ್ರೇ. ಆದ್ರೂ ದಡಾರ ಬಂತು. ಮತ್ಯಾಕೆ ಹಾಕ್ಸಬೇಕು?"

"ಬರ್ತೈತೆ ಕಣಪ್ಪ. ಮೊದಲ್ನೇದು ಕೆಲವು ಮಕ್ಕಳಿಗೆ ಹಿಡಿಯಲ್ಲ. ಅದಕ್ಕೇ ಒಂದೂವರೆ ವರ್ಷದ ಹೊತ್ತಿಗೆ ಇನ್ನೊಂದು ಹಾಕ್ತಾರೆ. ಎರಡನೇದು ಹಾಕ್ಸಿದ್ರಾ?"

"ಇಲ್ಲ."

"ಹೆಂಗಿದ್ದಾನೆ ಈಗ ಹುಡುಗ?"

"ಚೆನ್ನಾಗಿದ್ದಾನೆ. ಜಾಸ್ತಿ ಏನೂ ಆಗಲಿಲ್ಲ, ಸ್ವಲ್ಪದ್ರಲ್ಲೇ ಹೋತು."

"ಅದೂ ಆ ಮೊದಲ್ನೇದ್ರಿಂದ ಇರಬಹುದು. ಖಂಡಿತ ಹೌದು ಅಂತ ಹೇಳಾಕೆ ನನಗೆ ಬರಲ್ಲ."

ಆ ಕೊನೆಯ ಮಾತು ಹೇಳದೇ ಇದ್ದರೆ ಆ ಮನುಷ್ಯ ಒಪ್ಪಿಬಿಡುತ್ತಿದ್ದ ಅಂತ ನನಗೆ ಈಗಲೂ ಅನಿಸುತ್ತದೆ. ಹಿಂದಿರುಗುವ ದಾರಿಯಲ್ಲಿ ಅದನ್ನೇ ಹೇಳಿದೆ. ಅವರು ಹಿಂದೆ ಕೂತು ಗಾಳಿಗೆ ಕೂಗಿ ಉತ್ತರ ಕೊಟ್ಟರು. "ಗೊತ್ತಿಲ್ದೇ ಇರೋದನ್ನ ಗೊತ್ತೈತೆ ಅಂತ ಹೆಂಗೆ ಹೇಳ್ಲಿ?"

ನ್ಯಾಮತಿಗೂ ಸವಳಂಗಕ್ಕೂ ಹೋದೆವು. ಸವಳಂಗದಲ್ಲಿ ಬಸ್ಸಿಗೆ ಕಾಯುತ್ತಾ ಕೂತಿದ್ದಾಗ ಅವರು ತಮ್ಮ ಹೆಂಡತಿಯ ವಿಷಯವನ್ನು ಮೊದಲ ಸಲ ಎತ್ತಿದರು. "ಆಕೆ ಇದ್ದಿದ್ರೆ ನಿನ್ನಂಗೇ ಹೇಳ್ತಿದ್ಲು, ಸ್ವಲ್ಪ ಕಮ್ಮಿ ಮಾತಾಡು ಅಂತ" ಎಂದರು. ಬಸ್ಸು ಬಂತು. ಮತ್ತೆ ಆ ವಿಷಯ ಎತ್ತಲಿಲ್ಲ.

ಅವರ ಹತ್ತಿರ ಔಷಧಿ ತೆಗೆದುಕೊಂಡು ಬೆಳೆದ ಹುಡುಗಿಯೊಬ್ಬಳನ್ನು ಬಿಳಿಚೋಡಿಗೆ ಮದುವೆ ಮಾಡಿಕೊಟ್ಟಿದ್ದರು. ಅವಳು ನನಗೆ ಫೋನ್ ಮಾಡಿ, ನಮ್ಮ ಬೀದಿಯಲ್ಲಿ ಯಾರೂ ದಡಾರದ್ದು ಹಾಕಿಸುತ್ತಿಲ್ಲ, ಎಲ್ಲರ ಫೋನಿನಲ್ಲೂ ನಮ್ಮ ಡಾಕ್ಟ್ರ ಮಾತೇ ಇದೆ ಅಂದಳು. ಡಾಕ್ಟ್ರು ಮುಂದಿನ ಭಾನುವಾರವೇ ಹೊರಟರು. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿನ ಬಸ್ಸಿನಲ್ಲಿ ಹೋಗಿ ಬಿಳಿಚೋಡಿನಲ್ಲಿ ಇಳಿದೆವು. ಆ ಹುಡುಗಿ ಒಂದು ಮನೆಗೆ ಕರೆದುಕೊಂಡು ಹೋದಳು. ಅಂಗಳದಲ್ಲಿ ಕುರಿಮರಿಗಳನ್ನು ಕಟ್ಟಿದ್ದರು. ಅಜ್ಜಿ ಮೊಮ್ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದರು, ಸೊಸೆ ಬಾಗಿಲ ಹತ್ತಿರ ನಿಂತಿದ್ದಳು. ನಮಗೆ ಮಜ್ಜಿಗೆ ಕೊಟ್ಟರು.

ಡಾಕ್ಟ್ರು ತಮ್ಮ ರೀತಿಯಲ್ಲಿ ಎಲ್ಲವನ್ನೂ ಹೇಳಿದರು. ಅಜ್ಜಿ ಅಡ್ಡ ಮಾತಾಡದೆ ಕೇಳಿಸಿಕೊಂಡರು. ಆಮೇಲೆ ಸೊಸೆಗೆ, "ಆ ಫೋನು ತಗಂಬಾ" ಎಂದರು. ಸೊಸೆ ತಂದು ಹಚ್ಚಿದಳು. ಅಂಗಳದ ನಡುವೆ ಡಾಕ್ಟ್ರ ಧ್ವನಿಯೇ ಕೇಳಿಸಿತು.

"ಕೇಳಿದ್ರೇನು? ದೊಡ್ಡ ಡಾಕ್ಟ್ರು ಹೇಳ್ಯಾರೆ" ಎಂದರು ಅಜ್ಜಿ.

"ಆ ಡಾಕ್ಟ್ರು ನಾನೇ ಅಮ್ಮ."

ಅಜ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿದರು. ಬಸ್ಸಿನ ಧೂಳು ಕೂತ ಶರ್ಟು, ಕೈಯಲ್ಲಿ ಮಜ್ಜಿಗೆ ಲೋಟ. "ಇಲ್ಲ ಬಿಡ್ರಿ" ಎಂದರು, ಸಿಟ್ಟಿಲ್ಲದೆ. "ಅವ್ರು ಎಷ್ಟು ಗಟ್ಟಿಯಾಗಿ ಹೇಳ್ತಾರೆ ನೋಡ್ರಿ. ನೀವು ಆಗ್ಲಿಂದ ಬರ್ತೈತೆ ಬರಲ್ಲ, ಆಗ್ತೈತೆ ಆಗಲ್ಲ ಅಂತೀರಿ. ಗೊತ್ತಿರೋರು ಹಿಂಗೆ ಮಾತಾಡ್ತಾರೇನ್ರಿ?"

ಆ ಹುಡುಗಿ, ಇವರೇ ಅಜ್ಜಿ, ನಾನು ಚಿಕ್ಕಂದಿನಿಂದ ನೋಡೀನಿ ಅಂದಳು. ನಾನೂ ಹೇಳಿದೆ. ಅಜ್ಜಿ ನಕ್ಕು ಮಗುವಿನ ಕಡೆ ತಿರುಗಿದರು. ಡಾಕ್ಟ್ರು ಮಜ್ಜಿಗೆ ಕುಡಿದು ಮುಗಿಸಿ, ಮಗುವಿನ ಕೈ ಮುಟ್ಟಿ ನೋಡಿ, ಚೆನ್ನಾಗಿ ಬೆಳೆದೈತೆ ಎಂದು ಹೇಳಿ ಎದ್ದರು. ಸೊಸೆ ಬೀದಿಯ ತಿರುವಿನವರೆಗೆ ಹಿಂದೆ ಬಂದು, "ಗುರುವಾರ ಹೋದ್ರೆ ಹಾಕ್ತಾರೇನ್ರಿ?" ಎಂದು ಮೆಲ್ಲಗೆ ಕೇಳಿದಳು. ಗುರುವಾರವೇ ಲಸಿಕೆಯ ದಿನ, ಹಾಕುತ್ತಾರೆ ಅಂದೆವು. ಅವಳು ಹೋದಳೋ ಇಲ್ಲವೋ ನಮಗೆ ತಿಳಿಯಲಿಲ್ಲ. ಬಸ್ಸಿನಲ್ಲಿ ಡಾಕ್ಟ್ರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

ಆದರೆ ಅವರನ್ನು ನಿಜವಾಗಿ ಕುಗ್ಗಿಸಿದವನು ಸತ್ತ ಆ ಕೂಸಿನ ತಂದೆ. ಡಾಕ್ಟ್ರು ಊರೂರು ತಿರುಗಿ ಲಸಿಕೆ ಹಾಕಿಸಿ ಅನ್ನುತ್ತಿದ್ದಾರೆ ಅನ್ನುವುದು ಅವನ ಕಿವಿಗೆ ಬಿದ್ದಿತ್ತು. ಒಂದು ಬೆಳಿಗ್ಗೆ ಬೈಕ್ ನಿಲ್ಲಿಸಿ ಬಂದ. ಕ್ಲಿನಿಕ್ಕಿನ ಒಳಗೆ ಹೋಗಲಿಲ್ಲ. ಹೊಸಿಲ ಹೊರಗೇ ನಿಂತು ಮಾತಾಡಿದ.

"ನಮ್ ಪರ ಮಾತಾಡಿದೋರು ನೀವೊಬ್ರೇ ಇದ್ರಿ. ಈಗ ನೀವೂ ಅವ್ರ ಕಡೆ ಆದ್ರಿ."

"ಯಾರ ಕಡೆನೂ ಆಗಿಲ್ಲಪ್ಪ ನಾನು. ನಿನ್ನ ಮಗನ ವಿಷ್ಯದಲ್ಲಿ ಅವತ್ತು ಏನು ಹೇಳಿದ್ನೋ ಇವತ್ತೂ ಅದನ್ನೇ ಹೇಳ್ತೀನಿ."

"ಹಾಕ್ಸಿ ಅಂತಲೂ ಹೇಳ್ತೀರಿ."

"ಹೌದು, ಹೇಳ್ತೀನಿ."

"ಎರಡೂ ಹೆಂಗೆ ನಿಜ ಆಗ್ತಾವೆ ಡಾಕ್ಟ್ರೇ?"

ಡಾಕ್ಟ್ರು ಎದ್ದು ಹೊರಗೆ ಬಂದರು. ಅವನ ಹೆಗಲ ಮೇಲೆ ಕೈ ಇಡಲು ಹೋದರು. ಅವನು ಹಿಂದಕ್ಕೆ ಸರಿದ. ಕೋಪದಿಂದಲ್ಲ, ಆ ಕೈ ಸೋಕಿದರೆ ಅತ್ತುಬಿಡುತ್ತೇನೆ ಅನ್ನುವ ಹೆದರಿಕೆಯಿಂದ ಸರಿದಂತೆ ನನಗೆ ಕಂಡಿತು. ಬೈಕ್ ಹತ್ತಿ ಹೋದ. ಅವತ್ತು ಮಧ್ಯಾಹ್ನ ಬಂದ ಕ್ಯಾರಿಯರನ್ನು ಡಾಕ್ಟ್ರು ತೆರೆಯಲೇ ಇಲ್ಲ.

ಮರುವರ್ಷ ಚಳಿ ಮುಗಿದು ಬಿಸಿಲು ಏರುವ ಹೊತ್ತಿಗೆ ದಡಾರ ಬಂತು. ಮೊದಲು ಅಲ್ಲೊಂದು ಇಲ್ಲೊಂದು ಅಂತ ಕೇಳಿಬಂತು, ಆಮೇಲೆ ಊರಿಂದ ಊರಿಗೆ. ಮನೆಗಳ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದರು. ಅಮ್ಮ ಬಂದಾಳೆ, ತಾನಾಗೇ ಹೋಗ್ತಾಳೆ ಅಂತ ಕೆಲವರು ಆಸ್ಪತ್ರೆಗೆ ತೋರಿಸಲೇ ಇಲ್ಲ. ತುಂಬಾ ಮಕ್ಕಳಿಗೆ ವಾಸಿಯಾಯಿತು. ಎಲ್ಲರಿಗೂ ಆಗಲಿಲ್ಲ.

ಹೊನ್ನಾಳಿ ಕಡೆಯ ಒಂದು ಹಳ್ಳಿಯಿಂದ ಗಂಡ ಹೆಂಡತಿ ಒಂದು ಹೆಣ್ಣು ಕೂಸನ್ನು ಎತ್ತಿಕೊಂಡು ಬಂದರು. ಇನ್ನೂ ಎರಡು ತುಂಬಿರದ ಕೂಸು. ಗುಳ್ಳೆ ಕಪ್ಪಾಗುತ್ತಾ ಬಂದಿದ್ದವು, ಕಣ್ಣು ಅಂಟಿಕೊಂಡಿದ್ದವು, ಉಸಿರಾಡುವಾಗ ಪಕ್ಕೆ ಒಳಗೆ ಹೋಗುತ್ತಿತ್ತು. ಡಾಕ್ಟ್ರು ಒಮ್ಮೆ ನೋಡಿದವರೇ ನನ್ನನ್ನು ಕೂಗಿ ಆಂಬ್ಯುಲೆನ್ಸಿಗೆ ಫೋನ್ ಮಾಡಲು ಹೇಳಿದರು. ನಾನು ಫೋನ್ ಹಿಡಿದು ಬಾಗಿಲಲ್ಲಿ ನಿಂತಿದ್ದಾಗ ಆ ತಾಯಿ ಹೇಳಿದ್ದು ಕೇಳಿಸಿತು.

"ನಿಮ್ಮ ಮಾತು ಕೇಳೇ ನಿಲ್ಸಿದ್ವಿ ಡಾಕ್ಟ್ರೇ. ಅದಕ್ಕೇ ನಿಮ್ಮ ಹತ್ರನೇ ತಂದ್ವಿ."

ಈಗ ಪೂರ್ತಿ ಹೇಳುತ್ತಾರೆ ಅಂದುಕೊಂಡೆ. ನೀರು ಕುಡಿದದ್ದು, ಮುಂದೆ ಹೇಳಿದ್ದು, ಯಾರೋ ಕತ್ತರಿಸಿದ್ದು. ಅವರು ಬಿಲ್ಲೆಯನ್ನು ಅಂಗೈಯಲ್ಲಿ ಉಜ್ಜುತ್ತಾ, "ಹೌದಮ್ಮ" ಎಂದರು. ಅಷ್ಟೇ.

ಆಂಬ್ಯುಲೆನ್ಸಿನಲ್ಲಿ ಅವರೂ ಹತ್ತಿ ದಾವಣಗೆರೆಗೆ ಹೋದರು. ಕೂಸಿನ ಉಸಿರು ಸ್ವಲ್ಪ ಸುಧಾರಿಸುವವರೆಗೆ ಅಲ್ಲೇ ಇದ್ದರು. ಅಲ್ಲಿನ ಡಾಕ್ಟರುಗಳಿಗೆ ಇವರು ಯಾರೆಂದು ಗೊತ್ತಿತ್ತು. ಒಬ್ಬರೂ ಕುರ್ಚಿ ಕೊಡಲಿಲ್ಲ ಅಂತ ಆ ಹೆಣ್ಣು ಕೂಸಿನ ತಂದೆ ಆಮೇಲೆ ನನಗೆ ಹೇಳಿದ. ಇವರು ವರಾಂಡದಲ್ಲಿ ಆ ಮನೆಯವರ ಜೊತೆ ನೆಲದ ಮೇಲೆ ಕೂತಿದ್ದರಂತೆ. ಕೂಸು ಉಳಿಯಿತು. ಒಂದು ಕಣ್ಣಿನಲ್ಲಿ ಹೂವು ಬಿದ್ದು ಆ ಕಣ್ಣು ಹೋಯಿತು.

ವಾಪಸ್ ಬಂದ ದಿನ ಕೇಳಿದೆ. "ಯಾಕೆ ಡಾಕ್ಟ್ರೇ, ಆ ತಾಯಿಗೆ ನೀವು ಏನೂ ಹೇಳಲಿಲ್ಲ?"

"ಕೂಸು ಉಸಿರಾಡಾಕೆ ಒದ್ದಾಡ್ತಿರ್ಬೇಕಾದ್ರೆ ನಂದು ತಪ್ಪಿಲ್ಲ ಅಂತ ಹೇಳ್ಕೊಂತ ಕೂರ್ಲಾ?"

ಅವರು ಇನ್ನೊಂದು ಮಾತು ಸೇರಿಸಿದರು. "ನೀರು ಆಮೇಲೆ ಕುಡಿಬೌದಿತ್ತು ತಾಯಿ."

ಆ ಬೇಸಿಗೆಯ ನಂತರ ಅವರು ಎಲ್ಲಿಗೂ ಹೋಗಲಿಲ್ಲ. ದಡಾರ ನೋಡಿದ ಮೇಲೆ ಜನ ತಾವಾಗಿಯೇ ಲಸಿಕೆಗೆ ಸಾಲು ನಿಂತರು. ಇವರು ಹೇಳಿ ಹೇಳಿ ಆಗದ್ದನ್ನು ರೋಗವೇ ಮಾಡಿತ್ತು. ಅದರ ಬಗ್ಗೆ ಅವರು ಖುಷಿ ಪಟ್ಟರೋ ನೊಂದರೋ ನನಗೆ ತಿಳಿಯಲಿಲ್ಲ. ಕ್ಲಿನಿಕ್ಕು ತೆರೆದಿರುತ್ತಿತ್ತು, ಬರುವವರು ಕಡಿಮೆ. ಮಧ್ಯಾಹ್ನದ ಹೊತ್ತು ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ಔಷಧಿ ಕೊಳ್ಳಲು ಬಂದ ತಾಯಂದಿರ ಕಂಕುಳಲ್ಲಿ ಕೂಸಿದ್ದರೆ ನೋಡುತ್ತಿದ್ದರು. ಮೊದಲಿನ ಹಾಗೆ ದಡಾರದ್ದು ಆತಾ ಅಂತ ಕೇಳುತ್ತಿರಲಿಲ್ಲ. ಕೇಳಿ ಡಾಕ್ಟ್ರೇ ಅಂತ ಒಮ್ಮೆ ನಾನೇ ಅಂದೆ. "ನಾನು ಕೇಳಿದ್ರೆ ಹಾಕ್ಸೋರೂ ಹ್ಯಾಂಗಪ್ಪ ಅಂತ ಯೋಚ್ನೆ ಮಾಡ್ತಾರೆ" ಎಂದರು.

ಒಂದು ಮಧ್ಯಾಹ್ನ ಕ್ಯಾರಿಯರ್ ತಂದ ಮೆಸ್ಸಿನವರು ನನ್ನನ್ನು ಕರೆದರು. ಡಾಕ್ಟ್ರು ಕುರ್ಚಿಯಲ್ಲಿ ಕೂತಂತೆಯೇ ಹೋಗಿದ್ದರು.

ಡಾಕ್ಟ್ರ ಅಣ್ಣನ ಮಕ್ಕಳು ಬಂದು ನಲ್ಲೂರಿನ ಹತ್ತಿರ ತಮ್ಮ ಜಮೀನಿನಲ್ಲಿ ಮಣ್ಣು ಮಾಡಿದರು. ಹೆಚ್ಚು ಜನ ಇರಲಿಲ್ಲ. ಎಲ್ಲ ಮುಗಿದು ಒಬ್ಬೊಬ್ಬರೇ ಹೊರಡುವಾಗ ದೂರದಲ್ಲಿ ಬೈಕಿನ ಪಕ್ಕ ನಿಂತಿದ್ದವನನ್ನು ನೋಡಿದೆ. ಲಸಿಕೆಯಿಂದ ಮಗನನ್ನು ಕಳೆದುಕೊಂಡ ಆ ತಂದೆ. ಅವನು ಹತ್ತಿರ ಹೋಗಿ ಒಂದು ಹಿಡಿ ಮಣ್ಣು ಹಾಕಿ, ಕೈ ಒರೆಸಿಕೊಂಡು ನನ್ನ ಕಡೆ ಬಂದ.

"ಅಕ್ಕಾರೆ, ನಮಗೆ ಇನ್ನೊಂದು ಕೂಸಾಗೈತೆ. ಹೆಣ್ಣು. ಹತ್ತು ತಿಂಗಳು ಈಗ."

"ಒಳ್ಳೇದಾತು."

"ದಡಾರದ್ದು ಹಾಕ್ಸಿಲ್ಲ ಇನ್ನಾ. ಡಾಕ್ಟ್ರನ್ನ ಕೇಳ್ಬೇಕು ಅಂತ ಎಷ್ಟೋ ಸಲ ಚನ್ನಗಿರಿ ತನಕ ಬಂದೆ. ಕ್ಲಿನಿಕ್ ಮುಂದಿಂದ ಹಂಗೇ ಹೋಗ್ಬಿಡ್ತಿದ್ದೆ. ಅವತ್ತು ಹಂಗೆ ಮಾತಾಡಿದ್ನಲ್ಲ, ಮುಖ ಇರಲಿಲ್ಲ. ಈಗ ಯಾರ್ನ ಕೇಳ್ಲಿ?"

ಗುರುವಾರ ನಾನೂ ಬರುತ್ತೇನೆ ಅಂದೆ.

ಗುರುವಾರ ಅವರ ಊರಿನ ಆರೋಗ್ಯ ಉಪಕೇಂದ್ರಕ್ಕೆ ಹೋದೆ. ಅವನ ಹೆಂಡತಿ ಬಂದಿರಲಿಲ್ಲ, ನನಗೆ ನೋಡಾಕೆ ಆಗಲ್ಲ ಅಂದಳಂತೆ. ಅವನೇ ಕೂಸನ್ನು ಎತ್ತಿಕೊಂಡಿದ್ದ. ಈಗಿನ ಸಿಸ್ಟರ್ ಬೇರೆಯವರು. ಅವರಿಗೆ ವಿಷಯ ಗೊತ್ತಿತ್ತು. ಅವನು ಕೇಳುವ ಮೊದಲೇ ಹೊಸ ಬಾಟಲಿ ತೆಗೆದು, "ನೋಡ್ಕಳ್ರಿ ಅಣ್ಣಾರೆ, ಈಗ ಒಡೀತಿದ್ದೀನಿ" ಎಂದು ತೋರಿಸಿ, ಕಲಸಿ, ಒಡೆದ ಹೊತ್ತು ಬರೆದು ಬಾಟಲಿಗೆ ಅಂಟಿಸಿದರು. ಅವನು ಬಾಟಲಿಯನ್ನು ನೋಡಲಿಲ್ಲ, ಸಿಸ್ಟರ್ ಮುಖ ನೋಡಿದ. ಆಮೇಲೆ ಕೂಸಿನ ಅಂಗಿಯ ತೋಳು ಮೇಲೆತ್ತಿ ಹಿಡಿದ. ಹಾಕಿದರು. ಕೂಸು ಅತ್ತು, ಅವನ ಹೆಗಲಿಗೆ ಮುಖ ಒರೆಸಿ ಸುಮ್ಮನಾಯಿತು.

ಅರ್ಧ ಗಂಟೆ ಕೂತು ಹೋಗಿ ಅಂದರು ಸಿಸ್ಟರ್. ಅರ್ಧ ಗಂಟೆ ಆಯಿತು. ಬೇರೆ ಮಕ್ಕಳು ಬಂದು ಹಾಕಿಸಿಕೊಂಡು ಹೋದವು. ಅವನು ಏಳಲಿಲ್ಲ. ನಾನೂ ಕೂತೆ. ಕೂಸು ಅವನ ತೊಡೆಯ ಮೇಲೆ ನಿದ್ದೆ ಹೋಯಿತು. ಅವನು ಅದರ ಹಣೆ ಮುಟ್ಟಿ ನೋಡುವನು, ಕೈ ತೆಗೆಯುವನು, ಮತ್ತೆ ಮುಟ್ಟುವನು. ಸಂಜೆ ಸಿಸ್ಟರ್ ಬಾಗಿಲು ಹಾಕಿಕೊಂಡು, ಜ್ವರ ಬಂದರೆ ಫೋನ್ ಮಾಡಿ ಅಂತ ಹೇಳಿ ಹೋದರು. ಆಗ ಅವನು ಎದ್ದ. "ಆ ಸಲನೂ ಸಂಜೆ ಹಿಂಗೇ ಚೆನ್ನಾಗಿದ್ದ" ಎಂದ.

ಮಾರನೆಯ ಬೆಳಿಗ್ಗೆ ಅಂಗಡಿ ತೆರೆಯುತ್ತಿರುವಾಗಲೇ ಅವನ ಫೋನ್ ಬಂತು. ಎತ್ತಿಕೊಂಡೆ. ಅವನು ಮಾತಾಡಲಿಲ್ಲ. ಫೋನನ್ನು ಕೂಸಿನ ಹತ್ತಿರ ಹಿಡಿದಿದ್ದ ಅನಿಸುತ್ತದೆ. ಅದು ಏನನ್ನೋ ಬಡಿಯುತ್ತಾ ತನ್ನ ಪಾಡಿಗೆ ತಾನು ಕೂಗುತ್ತಿತ್ತು. ಹಿಂದಿನಿಂದ ಅದರ ತಾಯಿ ಅಳುತ್ತಾ ನಗುವುದು ಕೇಳಿಸಿತು.

ಫೋನ್ ಇಟ್ಟು, ಡಾಕ್ಟ್ರಿಗೆ ಹೇಳಬೇಕು ಅಂತ ಎದ್ದು ಹೊರಗೆ ಬಂದೆ. ಅಣ್ಣನ ಮಕ್ಕಳು ಆಗಲೇ ಕ್ಲಿನಿಕ್ಕು ಖಾಲಿ ಮಾಡಿಕೊಟ್ಟಿದ್ದರು, ಆ ಮಳಿಗೆಗೆ ಹೊಸ ಬಾಡಿಗೆದಾರರು ಬಂದಿದ್ದರು. ಬೆಂಚು ತೆಗೆದುಹಾಕಿ, ಗೋಡೆಗೆ ಮೊಬೈಲ್ ಕವರುಗಳನ್ನು ನೇತುಹಾಕುತ್ತಿದ್ದರು. ಹೊಸಿಲವರೆಗೆ ಬಂದು ನಿಂತ ನನ್ನನ್ನು ನೋಡಿ ಅವರು ಕೇಳಿದರು.

"ಏನ್ ಬೇಕಾಗಿತ್ತು ಅಕ್ಕಾರೆ?"

"ಏನಿಲ್ಲ" ಅಂದೆ.